ಮೊಸಳೆ ತೊಗಲಿನ ಅಂಗಿ

ಹೊಳೆಯ ದಂಡೆಯಲ್ಲೊಂದು ರಾಜ್ಯ. ಆ ರಾಜ್ಯದಲ್ಲಿ ದುರುಗಪ್ಪ ಅಂತ ಒಬ್ಬ ಅಂಬಿಗ ಇದ್ದ. ಅವನಿಗೆ ಹುಲಿಗೆವ್ವ ಅಂತ ಹೆಂಡತಿ, ಹೊನ್ನಿ ಅಂತ ಒಬ್ಬಳೇ ಮಗಳು. ಒಂದು ಎಮ್ಮೆ, ಒಂದು ಹರಿಗೋಲು. ಇಷ್ಟೇ ಅವರ ಸಂಸಾರ.

ಹರಿಗೋಲು ಅಂದರೆ ಗೊತ್ತಲ್ಲ? ದೊಡ್ಡ ಬಿದಿರು ಬುಟ್ಟಿ, ಅದಕ್ಕೆ ಹೊರಗಿನಿಂದ ತೊಗಲಿನ ಹೊದಿಕೆ. ಎಂಟು ದಿನಕ್ಕೊಮ್ಮೆ ಆ ತೊಗಲಿಗೆ ಹೊಂಗೆಣ್ಣೆ ತಿಕ್ಕಬೇಕು. ತಿಕ್ಕದಿದ್ದರೆ ಒಣಗಿದ ತೊಗಲು ನೀರು ಕುಡಿಯುತ್ತದೆ. ನೀರು ಕುಡಿದ ತೊಗಲು ಭಾರವಾಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ ಮಕ್ಕಳೇ. ದುರುಗಪ್ಪ ಮರೆತ. ನೀವು ಮರೆಯಬೇಡಿ.

ಹೊನ್ನಿ ನಡೆಯೋದಕ್ಕಿಂತ ಮೊದಲು ಈಜು ಕಲಿತವಳು ಅಂತ ಊರವರು ಹೇಳುತ್ತಿದ್ದರು. ಅದು ಸುಳ್ಳು. ಮೊದಲು ನಡೆದಳು, ಆಮೇಲೆ ಬಿದ್ದಳು, ಆಮೇಲೆ ಈಜಿದಳು. ದುರುಗಪ್ಪ ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟಿದ್ದ. ವರ್ಷ ತುಂಬುವುದರೊಳಗೆ ಬುರುಡೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಹೊಳೆಯ ನಡುವೆ ಆನೆಗುಂಡು ಅಂತ ಒಂದು ಬಂಡೆ. ಅದರ ಕೆಳಗಿನ ಪೊಟರೆಯಲ್ಲಿ ಒಂದು ತಾಯಿ ನೀರುನಾಯಿ, ಅದಕ್ಕೆ ಮೂರು ಮರಿ. ಹೊನ್ನಿ ಆ ಮರಿಗಳ ಜೊತೆ ಮುಳುಗುವಳು, ಏಳುವಳು, ಬಾಯಿ ತುಂಬ ನೀರು ತುಂಬಿಕೊಂಡು ಉಗುಳುವಳು, ಕಿಲಕಿಲ ನಗುವಳು. ಆ ನಗೆ ಆಚೆ ದಂಡೆಗೂ ಕೇಳಿಸುತ್ತಿತ್ತು. ಹುಟ್ಟು ಹಾಕುತ್ತಿದ್ದ ದುರುಗಪ್ಪನಿಗೆ ಅದನ್ನು ಕೇಳಿದರೆ ತೋಳಿನ ನೋವೇ ಗೊತ್ತಾಗುತ್ತಿರಲಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಹೊಳೆಯ ಪ್ರವಾಹ ಇಳಿದ ಮೇಲೆ ಮಕ್ಕಳ ಈಜು ಪಂದ್ಯ. ದಂಡೆಯಿಂದ ಆನೆಗುಂಡಿಗೆ ಹೋಗಬೇಕು, ಮುಟ್ಟಿ ತಿರುಗಿ ಬರಬೇಕು. ಮೊದಲು ಬಂದ ಮಗುವಿಗೆ ರಾಜ ತನ್ನ ಕೈಯಾರೆ ಬೆಳ್ಳಿ ಕಡಗ ತೊಡಿಸುತ್ತಿದ್ದ. ಆಮೇಲೆ ಆನೆ ಮೇಲೆ ಮೆರವಣಿಗೆ.

ದುರುಗಪ್ಪನೂ ಹುಡುಗನಾಗಿದ್ದಾಗ ಈ ಪಂದ್ಯದಲ್ಲಿ ಈಜಿದ್ದ. ನಾಲ್ಕೇ ನಾಲ್ಕು ಬೆರಳಿನಷ್ಟು ಹಿಂದೆ ಬಿದ್ದು ಸೋತಿದ್ದ. ತಲೆ ಕೂದಲು ಅರ್ಧ ಬೆಳ್ಳಗಾಗಿದ್ದರೂ ಆ ನಾಲ್ಕು ಬೆರಳು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಹೊನ್ನಿಗೆ ಒಂಬತ್ತು ತುಂಬಿದ ವರ್ಷ ಆ ಮುಳ್ಳು ಮತ್ತೆ ಚುಚ್ಚತೊಡಗಿತು.

ಅದೇ ಹೊತ್ತಿಗೆ ಊರಿಗೆ ಬಂದ ಬಿಂಕಣ್ಣ. ತಲೆಗೆ ಜರಿ ರುಮಾಲು, ಕೈಯಲ್ಲಿ ಕೊಡೆ, ಕೊರಳಲ್ಲಿ ಮೊಸಳೆ ಹಲ್ಲಿನ ಸರ. ಏಳು ರಾಜ್ಯದ ಮಕ್ಕಳಿಗೆ ಈಜು ಕಲಿಸಿದ ಗುರು ತಾನು ಅಂತ ಸಾರಿಕೊಂಡ. ಹೊನ್ನಿ ಈಜೋದನ್ನು ದಂಡೆಯ ಮೇಲೆ ನಿಂತು ನೋಡಿದ. ತುಟಿ ಸೊಟ್ಟ ಮಾಡಿದ.

"ದುರುಗಪ್ಪಾ, ನಿನ್ನ ಮಗಳು ಕಪ್ಪಿ ಈಜಿದಂಗ ಈಜ್ತಾಳ. ನನ್ನ ಕೈಯಾಗ ಕೊಡು, ಮೊಸಳಿ ಮಾಡ್ತೀನಿ. ಈ ವರ್ಷದ ಕಡಗ ನಿನ್ನ ಮನೀದು. ಆದ್ರ ಈ ಮಾತು ಬಾಜೂ ಮನಿಯವರಿಗೆ ಹೇಳಬ್ಯಾಡ. ದೃಷ್ಟಿ ತಗಲ್ತೈತಿ."

"ನಾ ಯಾಕ ಹೇಳ್ಲಿ ಗುರುಗಳೇ! ಏನು ಮಾಡ್ಬೇಕು ಹೇಳ್ರಿ."

"ಮಗಳ ಮೈಯಾಗ ಶಕ್ತಿ ಇಲ್ಲ. ಹಾಲು, ಬೆಣ್ಣಿ, ತುಪ್ಪ ಬೇಕು. ಅಳತಿ ನನಗ ಗೊತ್ತು. ನಿಮ್ಮ ಎಮ್ಮಿ ತಂದು ನನ್ನ ಅಂಗಳದಾಗ ಕಟ್ಟು."

ಹುಲಿಗೆವ್ವ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಳು. "ಎಮ್ಮಿ ಕೊಟ್ಟರ ಮನ್ಯಾಗ ಮಜ್ಜಿಗಿ ಎಲ್ಲಿಂದ ಬರ್ತೈತ್ರಿ?" ಅಂದಳು.

ದುರುಗಪ್ಪ ಅಂದ: "ಮಗಳಿಗಿಂತ ಎಮ್ಮಿ ಹೆಚ್ಚೇನ?"

ಎಮ್ಮೆ ಹೋಯಿತು. ಬಿಂಕಣ್ಣ ಹೊನ್ನಿಗೆ ದಿನಾ ಕೂಸಿಗೆ ಕುಡಿಸುವ ಒಳಲೆಯಲ್ಲಿ ಒಂದು ಗುಟುಕು ಹಾಲು ಕುಡಿಸುತ್ತಿದ್ದ. ಉಳಿದದ್ದು ಎಲ್ಲಿಗೆ ಹೋಯಿತು ಅಂತ ಅವನ ಹೊಟ್ಟೆಯನ್ನೇ ಕೇಳಬೇಕು. ಕೋಳಿ ಕೂಗುವ ಹೊತ್ತಿಗೆ ಹುಡುಗಿಯನ್ನು ಎಬ್ಬಿಸಿ, ಆನೆಗುಂಡಿಗೆ ಮೂರು ಸಲ ಹೋಗಿಬಾ ಅನ್ನುವನು. ತಾನು ದಂಡೆಯ ಮೇಲೆ ಕೊಡೆ ಹಿಡಿದು ನಿಂತು, "ಕೈ ಬೀಸು! ಕಾಲು ಬಡಿ!" ಅಂತ ಕೂಗುವನು. ನೀರುನಾಯಿ ಮರಿಗಳು ಹತ್ತಿರ ಬಂದರೆ ಕಲ್ಲು ಬೀರುವನು. ಹೊನ್ನಿ ಬಾಯಲ್ಲಿ ನೀರು ತುಂಬಿಕೊಳ್ಳೋದು ಬಿಟ್ಟಳು.

ತಿಂಗಳಾಯಿತು. ಬಿಂಕಣ್ಣ ಮತ್ತೆ ಬಂದ.

"ಶಕ್ತಿ ಬಂತು ದುರುಗಪ್ಪಾ, ವೇಗ ಬರ್ಲಿಲ್ಲ. ಅದಕ್ಕ ಮೊಸಳಿ ತೊಗಲಿನ ಅಂಗಿ ಬೇಕು. ತೊಟ್ಟವರಿಗೆ ಒಂದು ಮೊಸಳಿ ಬಲ ಬರ್ತೈತಿ. ಇಡೀ ರಾಜ್ಯದಾಗ ಇಂಥದ್ದು ಇರೋದು ಒಂದ. ನಿನಗಂತ ಎತ್ತಿಟ್ಟೀನಿ. ಹುಲಿಗೆವ್ವನ ನಡುವಿನಾಗ ಬೆಳ್ಳಿ ಡಾಬು ಐತಲ್ಲ, ಅಷ್ಟು ಕೊಟ್ಟರ ಸಾಕು."

ಡಾಬು ಹುಲಿಗೆವ್ವನಿಗೆ ತವರಿನವರು ಕೊಟ್ಟದ್ದು. ಅವಳ ಕಣ್ಣು ತುಂಬಿತು. "ಪಂದ್ಯಾ ಇರೋದು ಮಗಳಿಗೋ ನಿಮಗೋ?" ಅಂತ ಕೇಳಿದಳು.

ದುರುಗಪ್ಪ ಅಂದ: "ಮಗಳಿಗಿಂತ ಡಾಬು ಹೆಚ್ಚೇನ?"

ಡಾಬು ಹೋಯಿತು, ಅಂಗಿ ಬಂತು. ಬೆನ್ನಿಗೆ ಹೊದ್ದು ಎದೆಯ ಮೇಲೆ ದಾರ ಬಿಗಿಯುವ ಅಂಗಿ. ಮೇಲೆಲ್ಲ ಹಸಿರು ಬಣ್ಣ, ಗೀರು ಗೀರು ಗುರುತು. ಅದನ್ನು ತೊಟ್ಟ ಮೇಲೆ ಹೊನ್ನಿ ಹಿಂದಿಗಿಂತ ನಿಧಾನವಾದಳು. "ಮೈಗಳ್ಳಿ!" ಅಂತ ಬಿಂಕಣ್ಣ ಬೈದ. ಪಾಪ, ದುರುಗಪ್ಪನೂ ಒಂದು ಕೋಲು ಹಿಡಿದು ದಂಡೆಯ ಮೇಲೆ ನಿಲ್ಲತೊಡಗಿದ. ಹರಿಗೋಲಿಗೆ ಎಣ್ಣೆ ತಿಕ್ಕುವುದಕ್ಕೂ ಅವನಿಗೆ ಪುರುಸೊತ್ತಿಲ್ಲ. ಬೆಳಗಾದರೆ ಹುಡುಗಿ, "ಯಪ್ಪಾ, ಹೊಟ್ಟಿ ನೋಯಾಕತ್ತೈತಿ" ಅನ್ನುವಳು. "ಗೆದ್ದ ಮ್ಯಾಲ ಎಲ್ಲಾ ವಾಸಿ ಆಗ್ತೈತಿ, ನಡಿಯವ್ವಾ" ಅನ್ನುವನು ಇವನು.

ಪಂದ್ಯಕ್ಕೆ ಮೂರು ದಿನ ಉಳಿಯಿತು. ಬಿಂಕಣ್ಣ ಮೂರನೇ ಸಲ ಬಂದ.

"ಕೊನೇ ಪಟ್ಟು ಒಂದು ಕಲಿಸೋದು ಬಾಕಿ ಐತಿ. ಅದನ್ನ ಹರಿಗೋಲು ಕೊಟ್ಟವರಿಗಷ್ಟ ಕಲಿಸ್ತೀನಿ."

ಹುಲಿಗೆವ್ವ ಈ ಸಲ ಅಡ್ಡ ನಿಲ್ಲಲಿಲ್ಲ. ಸುಮ್ಮನೆ ಒಲೆಯ ಮುಂದೆ ಕುಳಿತಳು. ಹರಿಗೋಲು ಹೋದರೆ ಆ ಒಲೆಯ ಮೇಲೆ ಇಡುವುದಕ್ಕೆ ಏನಿದೆ? ದುರುಗಪ್ಪನೂ ಒಲೆಯ ಕಡೆ ನೋಡಿದ. ಆದರೂ ಅಂದ: "ಮಗಳಿಗಿಂತ ಹರಿಗೋಲು ಹೆಚ್ಚೇನ? ಪಂದ್ಯದ ದಿನ ಕೊಡ್ತೀನ್ರಿ ಗುರುಗಳೇ."

ಮರುದಿನ ಬೆಳಗ್ಗೆ ಬಿಂಕಣ್ಣ ಇನ್ನೂ ಮಲಗಿದ್ದ. ದುರುಗಪ್ಪ ತಾನೇ ಮಗಳಿಗೆ ಅಂಗಿ ಬಿಗಿದು ನೀರಿಗಿಳಿಸಿದ. ಹೊನ್ನಿ ಒಂದು ಸಲ ಹೋಗಿ ಬಂದಳು. ಎರಡು ಸಲ ಹೋಗಿ ಬಂದಳು. ಮೂರನೇ ಸಲ ಆನೆಗುಂಡು ಇನ್ನು ನಾಲ್ಕು ಮಾರು ಇದೆ ಅನ್ನುವಾಗ ಅವಳ ಕೈ ನಿಂತಿತು.

"ಕೈ ಬೀಸು!" ಅಂತ ದುರುಗಪ್ಪ ಕೂಗಿದ.

ಅವಳ ತಲೆ ಮುಳುಗಿತು.

"ಕಾಲು ಬಡೀ!" ಅಂತ ಕೂಗಿದ. ಆಮೇಲೆ ಅವನಿಗೆ ಗೊತ್ತಾಯಿತು. ಕೋಲು ಎಸೆದು ಹರಿಗೋಲಿಗೆ ಹಾರಿದ. ಅವನು ಹುಟ್ಟು ಹಾಕಿದ ಹಾಗೆ ಆ ಹೊಳೆಯಲ್ಲಿ ಯಾರೂ ಎಂದೂ ಹಾಕಿರಲಿಲ್ಲ.

ಅವನು ಮುಟ್ಟುವ ಮೊದಲೇ ತಾಯಿ ನೀರುನಾಯಿ ಹೊನ್ನಿಯ ಅಂಗಿಯ ದಾರ ಕಚ್ಚಿ ಎಳೆದು ಬಂಡೆಗೆ ಹತ್ತಿಸಿತ್ತು. ಹುಡುಗಿ ಕೆಮ್ಮುತ್ತಾ ಬೋರಲು ಬಿದ್ದಿದ್ದಳು. ದುರುಗಪ್ಪ ಅವಳನ್ನು ಬಾಚಿ ತಬ್ಬಿಕೊಂಡ.

ಆಗ ನೀರುನಾಯಿ ಮಾತಾಡಿತು. "ಅಂಬಿಗಪ್ಪಾ, ನನ್ನ ಮರಿಗಳೂ ಹುಟ್ಟುತ್ತಲೇ ಈಜಲಿಲ್ಲ. ನೀರಂದ್ರ ಹೆದರ್ತಿದ್ವು. ಕುತ್ತಿಗಿ ಕಚ್ಚಿ ನಾನ ನೀರಿಗೆ ಎಳಕೊಂಡು ಹೋದೆ. ದಣಿದಾಗ ಅದೇ ಬಾಯಿಂದ ಕಚ್ಚಿ ಬಂಡಿಗಲ್ಲಿನ ಮ್ಯಾಲ ತಂದೆ. ಎಳಕೊಂಡು ಹೋಗೋದು ನೀನೂ ಕಲ್ತೀ. ತರೋದು ಯಾವಾಗ ಕಲೀತಿ?"

ದುರುಗಪ್ಪ ಮಗಳ ಒದ್ದೆ ಕೂದಲು ಸರಿಸಿದ. ನೀರುನಾಯಿ ಮತ್ತೆ ಅಂದಿತು:

"ಮಗಳಿಗಿಂತ ಎಮ್ಮಿ ಹೆಚ್ಚೇನ ಅಂದಿ. ಡಾಬು ಹೆಚ್ಚೇನ ಅಂದಿ. ಹರಿಗೋಲು ಹೆಚ್ಚೇನ ಅಂದಿ. ನಾನೂ ಒಂದು ಮಾತು ಕೇಳ್ತೀನಿ. ಮಗಳಿಗಿಂತ ಕಡಗ ಹೆಚ್ಚೇನ?"

ಅಂಬಿಗ ಗಳಗಳ ಅತ್ತುಬಿಟ್ಟ. ಅಳುತ್ತಲೇ ಮಗಳ ಅಂಗಿಯ ದಾರ ಬಿಚ್ಚಿದ. ಬಿಚ್ಚಿ ಎತ್ತಿದರೆ ಅಂಗಿ ಕೈ ಜಗ್ಗಿತು. ಗುಂಡುಕಲ್ಲಿನ ಭಾರ! ಹಿಂಡಿದರೆ ಬೊಗಸೆ ಬೊಗಸೆ ನೀರು, ಜೊತೆಗೆ ಹಸಿರು ಬಣ್ಣ. ಎಣ್ಣೆ ಕಾಣದ ಒಣ ತೊಗಲು! ಹುಟ್ಟಿದಾಗಿನಿಂದ ತೊಗಲಿಗೆ ಎಣ್ಣೆ ತಿಕ್ಕುತ್ತಾ ಬಂದ ಅಂಬಿಗ, ಇಷ್ಟು ದಿನ ತನ್ನ ಮಗಳ ಬೆನ್ನಿಗೇ ಒಣ ತೊಗಲು ಬಿಗಿದಿದ್ದ. ಕಡಗದ ಹೊಳಪಿಗೆ ಅವನ ಕಣ್ಣು ಕತ್ತಲೆಗಟ್ಟಿತ್ತು.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಹುಲಿಗೆವ್ವ ಮಗಳ ತಲೆ ಒರೆಸಿ, ಬಿಸಿ ಗಂಜಿ ಕುಡಿಸಿ, ಮಲಗಿಸಿದಳು. ಆಮೇಲೆ ಗಂಡನನ್ನು ಬೈದಳು. ಅದನ್ನೆಲ್ಲ ನಾನು ಹೇಳುವುದಿಲ್ಲ, ನೀವು ಇನ್ನೂ ಚಿಕ್ಕವರು. ಬೈದು ಮುಗಿಸಿ ಸೊಂಟಕ್ಕೆ ಕೈಯಿಟ್ಟು ಅಂದಳು: "ಹರಿಗೋಲು ಕೊಡ್ತೀವಿ ಅಂದೀವಲ್ಲ, ಕೊಡೂಣು. ರಾಜರ ಮುಂದ ಕೊಡೂಣು. ಆದ್ರ ಈ ಅಂಗೀನೂ ಒಣಗಿಸಿ ಒಯ್ಯೂಣು."

ಪಂದ್ಯದ ದಿನ ಬಂತು. ದಂಡೆ ತುಂಬ ಜನ. ರಾಜ ಚಪ್ಪರದ ಕೆಳಗೆ ಕುಳಿತಿದ್ದ. ದುರುಗಪ್ಪ ಹರಿಗೋಲಿನ ಹಗ್ಗ ಹಿಡಿದು ಎದೆಮಟ್ಟ ನೀರಿನಲ್ಲಿ ನಿಂತು ಕೈ ಮುಗಿದ.

"ಬುದ್ಧೀ, ಈ ಹರಿಗೋಲು ನಮ್ಮ ಗುರುಗಳಿಗೆ ದಕ್ಷಿಣೆ. ಗುರುಗಳು ಈ ಮೊಸಳಿ ತೊಗಲಿನ ಅಂಗಿ ತೊಟ್ಟು, ನಾನು ನಿಂತಲ್ಲಿ ಬಂದು ಹಗ್ಗ ಇಸ್ಕೊಬೇಕು. ಅವರು ಈಜೋದನ್ನ ಕಣ್ಣಾರ ನೋಡೋ ಭಾಗ್ಯ ನಮಗ ಸಿಗಲಿ."

"ತೊಟ್ಟವರಿಗೆ ಒಂದು ಮೊಸಳಿ ಬಲ ಬರ್ತೈತಂತ್ರಿ!" ಅನ್ನುತ್ತಾ ಹುಲಿಗೆವ್ವ ಅಂಗಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಜನರ ನಡುವಿನಿಂದ ನೇಕಾರರ ಶಾಂತವ್ವ ಚೀರಿದಳು: "ಅಯ್ಯ! ಇಂಥದ್ದ ನಮ್ಮ ಹುಡುಗಿ ಮೈಮ್ಯಾಗೂ ಐತಿ!" ಗಾಣದ ಬಸಲಿಂಗಪ್ಪ, "ನಮ್ಮ ಹುಡುಗನ ಮೈಮ್ಯಾಗೂ ಐತಲ್ಲ!" ಅಂದ. ದೃಷ್ಟಿ ತಗಲುತ್ತದೆ ಅಂತ ಹೆದರಿ ಯಾರೂ ಯಾರಿಗೂ ಹೇಳಿರಲಿಲ್ಲ, ನೋಡಿ. ಎಲ್ಲರೂ ಮಗುವಿನ ಅಂಗಿಯ ಮೇಲೆ ಒಂದು ಪಂಚೆ ಸುತ್ತಿ ಮುಚ್ಚಿಟ್ಟಿದ್ದರು.

ರಾಜ ಮೀಸೆಯೊಳಗೇ ನಕ್ಕ. "ಗುರುಗಳೇ, ಒಂದು ಅಂಗಿಗೆ ಒಂದು ಮೊಸಳೆ ಬಲವಂತೆ. ಮೂರೂ ತೊಟ್ಟರೆ ಮೂರು ಮೊಸಳೆ ಬಲ ಬರಬೇಕಲ್ಲ? ತೊಡಿ, ತೊಡಿ. ರಾಜನ ಅಪ್ಪಣೆ" ಅಂದ.

ಬಿಂಕಣ್ಣ ನೀರು ನೋಡಿದ. ಹರಿಗೋಲು ನೋಡಿದ. ಎದೆಮಟ್ಟ ನೀರು ತಾನೇ, ನಡೆದೇ ಹೋದರಾಯಿತು ಅಂದುಕೊಂಡ. ಆಸೆ ಅವನನ್ನು ಮುಂದಕ್ಕೆ ತಳ್ಳಿತು. ಬೆನ್ನಿಗೊಂದು, ಎದೆಗೊಂದು, ಹೆಗಲಿಗೊಂದು ಅಂಗಿ ಬಿಗಿದುಕೊಂಡು ಹೊಳೆಗೆ ಇಳಿದ. ಮೊಣಕಾಲುಮಟ್ಟ ನೀರಿಗೆ ಹೋದ. ತೊಗಲು ನೀರು ಕುಡಿಯಿತು. ಸೊಂಟದಮಟ್ಟಕ್ಕೆ ಹೋದ. ತೊಗಲು ಇನ್ನಷ್ಟು ಕುಡಿಯಿತು. ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕಾಲು ಕೆಸರಲ್ಲಿ ಹೂತು, ಮೈ ಕುಸಿದು, ನೀರು ಗದ್ದಕ್ಕೆ ಬಂತು. ಜರಿ ರುಮಾಲು ತೇಲಿಹೋಯಿತು.

"ಯಪ್ಪಾ ದುರುಗಪ್ಪಾ! ಹಗ್ಗಾ ಕೊಡೋ!"

ದುರುಗಪ್ಪ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದ. "ಕೊಡ್ತೀನ್ರಿ. ಇದು ಯಾವ ತೊಗಲು ಗುರುಗಳೇ?"

"ಆಡಿನ ತೊಗಲು! ಬಣ್ಣ ಹಚ್ಚಿದ್ದು!"

"ಕಡಗ ಯಾರ ಮನೀಗೆ ಬರ್ತೈತಿ ಅಂದಿದ್ರಿ?"

"ಎಲ್ಲಾರ ಮನೀಗೂ ಅಂದಿದ್ದೆ!"

"ನಿಮಗ ಈಜು ಬರ್ತೈತೇನ್ರಿ?"

"ಇಲ್ಲೋ ಮಾರಾಯಾ! ಎಳಕೋ!"

ದುರುಗಪ್ಪ ಅವನ ಜುಟ್ಟು ಹಿಡಿದು ಎಳೆದು, ಹರಿಗೋಲಿಗೆ ಒಗೆದು, ದಂಡೆಗೆ ತಂದ. ಎಷ್ಟೆಂದರೂ ಅಂಬಿಗ, ಮುಳುಗುವವರನ್ನು ಬಿಡುವುದು ಅವನ ಕುಲದಲ್ಲಿಲ್ಲ. ರಾಜ ಬಿಂಕಣ್ಣನ ಅಂಗಳದಿಂದ ಎಮ್ಮೆ, ಡಾಬು, ಊರವರ ವಸ್ತುವೆಲ್ಲ ತರಿಸಿ ಅವರವರಿಗೆ ಕೊಡಿಸಿದ. ಬಿಂಕಣ್ಣನಿಗೆ ಒಂದು ವರ್ಷ ಹೊಳೆ ದಂಡೆಯಲ್ಲಿ ಹರಿಗೋಲುಗಳಿಗೆ ಹೊಂಗೆಣ್ಣೆ ತಿಕ್ಕುವ ಶಿಕ್ಷೆ. ಬಿಡುವಿದ್ದಾಗ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯಬೇಕು ಅಂತಲೂ ಅಪ್ಪಣೆಯಾಯಿತು.

ಆಮೇಲೆ ಪಂದ್ಯದ ಡೋಲು ಬಡಿಯಿತು. ದುರುಗಪ್ಪ ಮಗಳ ಮುಂದೆ ಮೊಣಕಾಲೂರಿ ಕುಳಿತ. ಇಷ್ಟು ದಿನ ಕೇಳದ ಮಾತನ್ನು ಆವತ್ತು ಕೇಳಿದ.

"ಯವ್ವಾ, ನಿನಗ ಈಜಬೇಕನಸ್ತೈತೇನು? ಬ್ಯಾಡಂದ್ರ ಬ್ಯಾಡ. ಮನೀಗೆ ಹೋಗಿ ರೊಟ್ಟಿ ತಿನ್ನೂಣು."

ಹೊನ್ನಿ ಹೊಳೆ ನೋಡಿದಳು. ಬಂಡೆಯ ಮೇಲೆ ಮೂರು ಮರಿ ಕತ್ತು ಚಾಚಿ ಕುಳಿತಿದ್ದವು. "ಈಜ್ತೀನಿ ಯಪ್ಪಾ. ಆದ್ರ ನೀ ಕೂಗಬಾರ್ದು. ಹರಿಗೋಲು ತಗೊಂಡು ಹಿಂದ ಬಾ."

"ಬರ್ತೀನಿ, ನನ್ನವ್ವಾ."

ಹೊನ್ನಿ ಈಜಿದಳು. ಬರಿಮೈಗೆ ಒಂದು ಲಂಗ ಎತ್ತಿಕಟ್ಟಿಕೊಂಡು, ಕಪ್ಪೆ ಈಜಿದ ಹಾಗೆ ಈಜಿದಳು. ಎಲ್ಲರಿಗಿಂತ ಮೊದಲು ಆನೆಗುಂಡು ಮುಟ್ಟಿದಳು. ಮುಟ್ಟಿದವಳು ತಕ್ಷಣ ತಿರುಗಬೇಕಲ್ಲ? ತಿರುಗಲಿಲ್ಲ. ಮರಿಗಳು ನೀರಿಗೆ ಧುಮುಕಿದವು. ಹೊನ್ನಿ ಬಾಯಿ ತುಂಬ ನೀರು ತುಂಬಿಕೊಂಡು ಅವುಗಳ ಮೇಲೆ ಉಗುಳಿದಳು, ಕಿಲಕಿಲ ನಕ್ಕಳು. ಅಷ್ಟರಲ್ಲಿ ಶಾಂತವ್ವನ ಮಗಳು ಮುಂದೆ ಹೋದಳು. ಕೊನೆಗೆ ಹೊನ್ನಿ ಬಾಣದ ಹಾಗೆ ಬಂದಳು. ಆದರೂ ಸೋತಳು, ನಾಲ್ಕೇ ನಾಲ್ಕು ಬೆರಳಿನಿಂದ.

ದಂಡೆಯವರೆಲ್ಲ ಅಯ್ಯಯ್ಯೋ ಅಂದರು. ಹುಲಿಗೆವ್ವ ಗಂಡನ ಮುಖ ನೋಡಿದಳು. ಅಂಬಿಗನ ಕಣ್ಣಲ್ಲಿ ನೀರು ಹರಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಮಗಳ ನಗೆ ಅವನ ಕಿವಿಗೆ ಬಿದ್ದು ಎಷ್ಟು ತಿಂಗಳಾಗಿತ್ತು! ಎದೆಯಲ್ಲಿದ್ದ ಮುಳ್ಳನ್ನು ಹುಡುಕಿದ. ಅದು ಅಲ್ಲಿರಲಿಲ್ಲ.

"ಯಪ್ಪಾ, ಮುಂದಿನ ವರ್ಷಾನೂ ಈಜ್ತೀನಿ" ಅಂದಳು ಹೊನ್ನಿ, ತಲೆ ಒರೆಸಿಕೊಳ್ಳುತ್ತಾ.

"ಆತವ್ವಾ. ನಾ ಹರಿಗೋಲು ತರ್ತೀನಿ" ಅಂದ ದುರುಗಪ್ಪ.

ಕೇಳಿದಿರಲ್ಲ ಮಕ್ಕಳೇ, ನಿಮ್ಮ ಹಿಂದೆ ಕುಳಿತ ನಿಮ್ಮ ಅಪ್ಪ ಅಮ್ಮಂದಿರೂ ಕೇಳಿದ್ದಾರೆ ಅಂದುಕೊಂಡಿದ್ದೇನೆ. ತಾನು ಸೋತ ಪಂದ್ಯವನ್ನು ಮಗುವಿನ ಬೆನ್ನಿಗೆ ಕಟ್ಟಬಾರದು. ಅದು ಒಣ ತೊಗಲು, ದಿನ ಹೋದ ಹಾಗೆ ಭಾರವಾಗುತ್ತದೆ. ಮಗುವಿಗಾಗಿ ಮನೆಯ ವಸ್ತುವನ್ನೆಲ್ಲ ಕೊಡುವ ಮೊದಲು, ನಿನಗೆ ಏನು ಬೇಕು ಅಂತ ಆ ಮಗುವನ್ನೇ ಒಂದು ಮಾತು ಕೇಳಬೇಕು. ಆಮೇಲೆ ಹರಿಗೋಲು ಹಿಡಿದು ಹಿಂದೆ ಹೋಗಬೇಕು.

ಹೊನ್ನಿ ಅಲ್ಲಿ ಇನ್ನೂ ನೀರಲ್ಲಿದ್ದಾಳೆ, ನಾವು ಇಲ್ಲಿ ಒಣಗಿ ಕೂತಿದ್ದೇವೆ. ಏಳಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ.