ಶ್ರುತಿಪೆಟ್ಟಿಗೆ ಇಲ್ಲದ ಮೂರು ನಿಮಿಷ

ಹೊಳೆಯ ದಂಡೆಯ ಮೇಲೆ ಫೆಲಿಕ್ಸ್ ಮೇಷ್ಟ್ರ ಪಿಟೀಲು ಶಾಲೆ. ಕಲಿಸುತ್ತಿದ್ದುದು ಪಾಶ್ಚಾತ್ಯ ಸಂಗೀತ. ಶಿಷ್ಯೆ ನಾಗವೇಣಿ ಬೆಳೆದದ್ದು ಮಾತ್ರ ತಂಬೂರಿಯ ಪಕ್ಕದಲ್ಲಿ. ಇಲ್ಲಿಗೆ ಬರುವ ತನಕ, ಕಿವಿಗೆ ಶ್ರುತಿ ಬೀಳದೆ ಒಂದು ಸ್ವರವನ್ನೂ ನುಡಿಸಿದವಳಲ್ಲ.

ಅಂದು ಸಂಜೆ ಅವಳ ಮೊದಲ ಕನ್ಸರ್ಟೊ. ಅಂದರೆ ಒಂದು ಕಡೆ ಅವಳ ಪಿಟೀಲು, ಇನ್ನೊಂದು ಕಡೆ ಪಟ್ಟಣದಿಂದ ಬಂದ ಅರವತ್ತು ವಾದ್ಯಗಾರರು. ಅವರೆಲ್ಲ ನುಡಿಸುವಾಗ ಅವಳಿಗೆ ಭಯವಿರಲಿಲ್ಲ. ಸಂತೆಯಲ್ಲಿ ಒಬ್ಬಳು ಕೆಮ್ಮಿದರೆ ಯಾರಿಗೆ ಕೇಳುತ್ತದೆ?

ಆದರೆ ಕೊನೆಗೊಂದು ಜಾಗ ಬರುತ್ತದೆ. ಅಲ್ಲಿ ಅರವತ್ತೂ ಜನ ಒಮ್ಮೆಲೇ ನಿಲ್ಲಿಸುತ್ತಾರೆ. ಮೂರು ನಿಮಿಷ ಪಿಟೀಲೊಂದೇ.

ಹಿಂದಿನ ದಿನ ತಾಲೀಮಿನಲ್ಲಿ ಆ ಜಾಗ ಬಂದಾಗ ಅವಳ ಬಲಗೈ ನಡುಗಿತು. ಕಮಾನು ತಂತಿಯ ಮೇಲೆ ತಕತಕ ಕುಣಿಯಿತು. ನಡುವೆಯೇ ನಿಲ್ಲಿಸಿಬಿಟ್ಟಳು.

ಇವತ್ತೂ ಹಾಗಾದರೆ ಜನ್ಮದಲ್ಲಿ ಪಿಟೀಲು ಮುಟ್ಟುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಹಠಮಾರಿ ಹುಡುಗಿ, ಹೇಳಿದಂತೆ ಮಾಡುವವಳೇ.

ಬೆಳಿಗ್ಗೆ ಮೇಷ್ಟ್ರ ಹತ್ತಿರ ಹೋದಳು. "ಮೇಷ್ಟ್ರೇ, ಭಯ ಹೋಗೋದಕ್ಕೆ ಏನು ಮಾಡ್ಬೇಕು?"

"ಗೊತ್ತಿಲ್ಲಮ್ಮ. ನಂದೇ ಇನ್ನೂ ಹೋಗಿಲ್ಲ."

ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. 

ಮಧ್ಯಾಹ್ನ ಶಾಲೆಯ ಹಾಲ್‌ನಲ್ಲಿ ಕೊನೆಯ ತಾಲೀಮು. ಎಲ್ಲರಿಗಿಂತ ಮುಂಚೆ ಬಂದು, ತಾನು ನಿಲ್ಲುವಲ್ಲಿ ಕಾಲ ಬುಡಕ್ಕೆ ಗುಂಡಿ ಒತ್ತಿದರೆ ನುಡಿಯುವ ತನ್ನ ಹಳೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟಳು. ಮೇಲೊಂದು ಶಾಲು ಹೊದಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಳು.

ಆ ಜಾಗ ಬಂತು. ಅರವತ್ತು ವಾದ್ಯ ನಿಂತವು. ಕಾಲಿನಿಂದಲೇ ಗುಂಡಿ ಒತ್ತಿದಳು. ಸಣ್ಣಗೆ ಶ್ರುತಿ ಹೊರಟಿತು.

ಕೈ ನಡುಗಲಿಲ್ಲ! ಆದರೆ ಆ ಸಂಗೀತ ಒಂದೇ ಷಡ್ಜದ ಮನೆಯಲ್ಲಿ ಇರುವಂಥದ್ದಲ್ಲ. ಮನೆ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ. ಹೋದರೆ ಶ್ರುತಿಗೆ ಅಪಸ್ವರ. ಹಾಗಾಗಿ ದೂರದ ತಿರುವುಗಳನ್ನೆಲ್ಲ ಬಿಟ್ಟು, ಹೊಸ್ತಿಲ ಹತ್ತಿರವೇ ಸುಳಿದಾಡಿ ಮುಗಿಸಿದಳು. ತಪ್ಪಿಲ್ಲ, ತಡೆಯಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಡುಗೆಯ ದೇವೀರಮ್ಮ ಅರ್ಧಕ್ಕೇ ಒಳಗೆ ಹೊರಟರು.

"ದೇವೀರಮ್ಮ, ನಿಲ್ಲಿ," ಎಂದರು ಮೇಷ್ಟ್ರು. "ನಿನ್ನೆ ಇದೇ ಜಾಗದಲ್ಲಿ ಅಳ್ತಾ ಇದ್ರಿ. ಇವತ್ತು ಯಾಕೆ ಹೊರಟ್ರಿ?"

"ಒಲೆ ಮೇಲೆ ಸಾರಿದೆ, ಸ್ವಾಮಿ."

"ನಿನ್ನೇನೂ ಇತ್ತು."

ದೇವೀರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ನಿನ್ನೆ ಎಲ್ರೂ ಕೈಬಿಟ್ರಲ್ಲ, ಆ ಪಿಟೀಲು ಒಂದೇ ಹೋಗ್ತಾ ಇತ್ತು. ಅಯ್ಯೋ, ವಾಪಸ್ ಬರ್ತದೋ ಇಲ್ವೋ ಅಂತ ಜೀವ ಬಾಯಿಗೆ ಬಂತು. ನಮ್ಮದೇ ಮಗು ಅನ್ನಿಸ್ತು. ಇವತ್ತು ಅದು ಎಲ್ಲಿಗೂ ಹೋಗ್ಲಿಲ್ವಲ್ಲ. ಮತ್ತೆ ನಾನ್ಯಾಕೆ ಕಾಯ್ಲಿ?"

ಮೇಷ್ಟ್ರು ಬಂದು ಬಗ್ಗಿ ಶಾಲು ತೆಗೆದರು. ಗುಂಡಿ ಒತ್ತಿ ಶ್ರುತಿ ನಿಲ್ಲಿಸಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆ ಜಾಗದಿಂದ ಇನ್ನೊಂದ್ಸಲ ನುಡಿಸು," ಎಂದರು.

ನಾಗವೇಣಿಗೆ ತನ್ನ ಎದೆಬಡಿತ ಪಿಟೀಲಿನ ಮರದೊಳಗೆ ಕೇಳಿದಂತಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕಮಾನು ಎತ್ತಿದರೆ ಅದರ ತುದಿ ಗಡಗಡ ನಡುಗುತ್ತಿತ್ತು.

"ಆಗಲ್ಲ ಮೇಷ್ಟ್ರೇ. ಸತ್ತೇ ಹೋಗ್ತೀನಿ ಅನ್ನಿಸ್ತಿದೆ. ಶ್ರುತಿಯಾದ್ರೂ ಇರ್ಲಿ. ನನ್ ಜೊತೆ ಯಾರೂ ಇಲ್ಲ."

"ಕಣ್ಣು ಬಿಟ್ಟು ಹೇಳು."

ಬಿಟ್ಟಳು. ಈ ಕನ್ಸರ್ಟೊ ಕಲಿಯುತ್ತಿದ್ದ ಎರಡು ವರ್ಷದಲ್ಲಿ ಆ ಜಾಗದಲ್ಲಿ ಅವಳು ಕಣ್ಣು ಬಿಟ್ಟದ್ದು ಅದೇ ಮೊದಲು.

ಕೊಳಲಿನವರು ಕೊಳಲನ್ನು ಮುಷ್ಟಿಯಲ್ಲಿ ಹಿಸುಕುವಂತೆ ಹಿಡಿದಿದ್ದರು. ದೊಡ್ಡ ನಗಾರಿಯ ಮುದುಕರು ಅವಳ ಕೈಯನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನ ಹೆಂಗಸೊಬ್ಬಳು ತುಟಿ ಕಚ್ಚಿಕೊಂಡಿದ್ದಳು. ಬಾಗಿಲಲ್ಲಿ ದೇವೀರಮ್ಮ ಸಾರು ಮರೆತು ನಿಂತಿದ್ದರು. ಒಬ್ಬರೂ ಅಲುಗುತ್ತಿರಲಿಲ್ಲ.

"ಇವರಿಗೇನಾಯ್ತು?" ಎಂದಳು ನಾಗವೇಣಿ, ಪಿಸುಮಾತಿನಲ್ಲಿ.

"ನಿನಗೇನಾಗಿದೆಯೋ ಅದೇ."

ಅವಳು ಕಮಾನನ್ನು ತಂತಿಯ ಮೇಲಿಟ್ಟಳು. ನಡುಕ ನಿಂತಿರಲಿಲ್ಲ. "ಕೈ ಇನ್ನೂ ನಡುಗ್ತಾನೇ ಇದೆ, ಮೇಷ್ಟ್ರೇ."

"ನಡುಗ್ಲಿ. ಅರವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ, ಬೇಗ ಶುರು ಮಾಡಮ್ಮ."