ಕೆಂಚಪ್ಪ ಮೇಷ್ಟ್ರ ಸದ್ಗುಣದ ಪುಸ್ತಕ

ಒಂದು ಕಾಡಿನಲ್ಲಿ ಒಂದು ಸರ್ಕಾರಿ ಶಾಲೆಯಿತ್ತು. ಮಕ್ಕಳಿಗೆ ಒಳ್ಳೆಯ ಗುಣ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂತು. ಆ ಪಾಠಕ್ಕೆ ಕೆಂಚಪ್ಪ ಎಂಬ ನರಿ ಮೇಷ್ಟ್ರನ್ನು ಹಾಕಿದರು. ನಗಬೇಡಿ. ಸ್ವತಃ ಕೆಂಚಪ್ಪ ಮೇಷ್ಟ್ರಿಗೇ ನಗು ಬಂದಿತ್ತು. ‘ಕಥೆಗಳಲ್ಲೆಲ್ಲ ಕೊನೆಗೆ ಏಟು ತಿನ್ನೋನು ನಾನೇ. ಇಷ್ಟು ಅನುಭವ ಬೇರೆ ಯಾರಿಗಿದೆ?’ ಎಂದು ತಮ್ಮ ಬಾಲಕ್ಕೆ ತಾವೇ ಹೇಳಿಕೊಂಡರು.

ಪ್ರತಿ ಮಗುವಿಗೂ ಒಂದು ಸದ್ಗುಣದ ಪುಸ್ತಕ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಅದರಲ್ಲಿ ಬರೆಯಬೇಕು. ಒಂದೇ ಒಂದು ಪುಟ ಖಾಲಿ ಸಿಕ್ಕರೂ ಮೇಷ್ಟ್ರಿಗೆ ಹುಲಿಗುಡ್ಡದ ಶಾಲೆಗೆ ವರ್ಗ. ಹೋದ ವರ್ಷ ಅಲ್ಲಿಗೆ ಜಿಂಕೆ ಮೇಷ್ಟ್ರು ಹೋಗಿದ್ದರು. ಅವರ ಕನ್ನಡಕ ಮಾತ್ರ ವಾಪಸ್ ಬಂದಿತ್ತು.

ಈ ಮಕ್ಕಳನ್ನು ನಂಬಿದರೆ ಕೆಟ್ಟೆ ಎಂದುಕೊಂಡ ಮೇಷ್ಟ್ರು ಸುಲಭದ ದಾರಿ ಹಿಡಿದರು. ದಿನಾ ತಾವೇ ಒಂದು ಒಳ್ಳೆಯ ಕೆಲಸ ಯೋಚಿಸಿ ಬೋರ್ಡಿನ ಮೇಲೆ ಬರೆದರು. ಮೂವತ್ತೆರಡು ಮಕ್ಕಳೂ ಗುಂಡಗೆ ಕಾಪಿ ಮಾಡಿಕೊಂಡರು. ‘ಇಂದು ನಾನು ಗಿಡಕ್ಕೆ ನೀರು ಹಾಕಿದೆ’ ಎಂದು ಎಲ್ಲರೂ ಬರೆದ ದಿನ, ಕಿಟಕಿಯಾಚೆಯ ಗಿಡ ಒಣಗಿ ಕಡ್ಡಿಯಾಗಿತ್ತು.

ಎರಡು ತಿಂಗಳಲ್ಲಿ ಮೇಷ್ಟ್ರ ತಲೆಯಲ್ಲಿದ್ದ ಒಳ್ಳೆಯ ಕೆಲಸಗಳೆಲ್ಲ ಮುಗಿದವು. ಮೊದಲೇ ಅಲ್ಲಿ ಹೆಚ್ಚೇನೂ ಇರಲಿಲ್ಲ ಅನ್ನಿ. ಅಷ್ಟರಲ್ಲಿ ಹೊಸ ಇನ್‌ಸ್ಪೆಕ್ಟರ್ ಇವತ್ತೇ ಬರುತ್ತಾರೆಂದು ಕಾಗೆ ಸುದ್ದಿ ತಂದಿತು. ಇವತ್ತಿನ ಪುಟಕ್ಕೆ ಏನು ಬರೆಸುವುದು? ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ಶಾಲೆಗೆ ಹೊರಟರು.

ಹೊಳೆಯ ಹತ್ತಿರ ಮುದಿ ಆಮೆಯೊಂದು ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು.

“ಯಾರಪ್ಪಾ ಅಲ್ಲಿ? ಸ್ವಲ್ಪ ಕೈ ಹಚ್ಚಿ, ಪುಣ್ಯ ಬರುತ್ತೆ!”

ಮೇಷ್ಟ್ರ ಮುಖ ಅರಳಿತು. “ಸಿಕ್ಕಿತು! ಇವತ್ತಿನ ಪಾಠ ಸಿಕ್ಕಿತು!” ಎಂದು ಒಂದೇ ಉಸಿರಿಗೆ ಶಾಲೆಗೆ ಓಡಿದರು. ಬೋರ್ಡಿನ ಮೇಲೆ ಬರೆದರು: ‘ಇಂದು ನಾನು ಅಂಗಾತ ಬಿದ್ದಿದ್ದ ಮುದಿ ಆಮೆಯನ್ನು ಎತ್ತಿ ನಿಲ್ಲಿಸಿದೆ.’ ಎಲ್ಲರೂ ಕಾಪಿ ಮಾಡಿದರು. ಮುಂಗುಸಿ ಮರಿ ಸಿಂಗಾರಿ ಮಾತ್ರ ಬಂದಿರಲಿಲ್ಲ.

ಊಟದ ಗಂಟೆ ಹೊಡೆಯುವಾಗ ಅವಳು ಮೈಯೆಲ್ಲ ಕೆಸರಾಗಿ ಒಳಗೆ ಬಂದಳು.

“ಎಲ್ಲಿ ಹಾಳಾಗಿ ಹೋಗಿದ್ದೆ?”

“ದಾರೀಲಿ ಆಮೆ ತಾತ ಬಿದ್ದಿದ್ರು ಸಾರ್. ಕೋಲು ಹಾಕಿ ಮೀಟಿ ತಿರುಗಿಸಿದೆ. ಆಮೇಲೆ ಅವರ ಜೊತೇಲೇ ನಡ್ಕೊಂಡು ಬಂದೆ. ಅದಕ್ಕೇ ಇಷ್ಟು ತಡ.”

“ಒಳ್ಳೆ ಕೆಲಸ ಬರೆಯೋ ಹೊತ್ತಲ್ಲಿ ಊರು ಸುತ್ತುತ್ತೀಯಾ? ನಿನ್ನ ಪುಟ ಖಾಲಿ! ನನ್ನನ್ನ ಹುಲಿ ಬಾಯಿಗೆ ಹಾಕ್ಬೇಕು ಅಂತಿದ್ದೀಯಾ?”

“ನಮಸ್ಕಾರ ಮೇಷ್ಟ್ರೇ,” ಎಂದಿತು ಬಾಗಿಲಿನಿಂದ ಒಂದು ದನಿ. “ನಾನು ಹೊಸ ಇನ್‌ಸ್ಪೆಕ್ಟರು.”

ಅದೇ ಮುದಿ ಆಮೆ. ಬೆನ್ನ ಮೇಲೆ ಇನ್ನೂ ಹಸಿ ಕೆಸರು. ಮೇಷ್ಟ್ರಿಗೆ ಬಾಲ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಇನ್‌ಸ್ಪೆಕ್ಟರು ಒಂದೊಂದೇ ಪುಸ್ತಕ ತೆರೆದರು. “ಎತ್ತಿ ನಿಲ್ಲಿಸಿದೆ... ಎತ್ತಿ ನಿಲ್ಲಿಸಿದೆ... ಅಬ್ಬಬ್ಬಾ! ಮೂವತ್ತೊಂದು ಜನ ಎತ್ತಿದರೂ ನನಗೆ ಗೊತ್ತೇ ಆಗಲಿಲ್ಲವಲ್ಲ!”

ಕೊನೆಗೆ ಸಿಂಗಾರಿಯ ಖಾಲಿ ಪುಟ ಬಂತು. ಅದರ ಕೆಳಗೆ ನಿಧಾನವಾಗಿ ರುಜು ಹಾಕಿದರು. ಬೇರೆ ಯಾವ ಪುಸ್ತಕಕ್ಕೂ ಹಾಕಲಿಲ್ಲ.

“ಹುಲಿಗುಡ್ಡಕ್ಕೆ ಯಾವಾಗ ಹೊರಡಲಿ ಸಾರ್?” ಎಂದರು ಮೇಷ್ಟ್ರು.

“ಬೇಡಪ್ಪಾ. ಹುಲಿ ಮರಿಗಳಿಗೂ ಇದನ್ನೇ ಕಲಿಸಿಬಿಡ್ತೀರಿ. ಇವತ್ತಿನಿಂದ ನಿಮಗೂ ಒಂದು ಪುಸ್ತಕ. ನಿಜ ಮಾತ್ರ ಬರೀಬೇಕು. ದಿನಾ ಸಿಂಗಾರಿಗೆ ತೋರಿಸಿ. ಅವಳು ಹೂಂ ಅಂದರೆ ಸರಿ.”

ಮೇಷ್ಟ್ರು ಸಿಂಗಾರಿಯ ಪಕ್ಕ ಚಾಪೆಯ ಮೇಲೆ ಕೂತರು. ಪೆನ್ಸಿಲ್ ಕೂಡ ಅವಳೇ ಕೊಟ್ಟಳು. ಬಹಳ ಹೊತ್ತಿನ ಮೇಲೆ ಬರೆದು, ಗಟ್ಟಿಯಾಗಿ ಓದಿದರು: ‘ಇಂದು ನಾನು ಬಿದ್ದಿದ್ದ ಆಮೆಯನ್ನು ನೋಡಿದೆ. ಪಾಠಕ್ಕಾಯಿತು ಎಂದು ಓಡಿಬಂದೆ.’ ಓದುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಹೂಂ,” ಎಂದಳು ಸಿಂಗಾರಿ.

ಹಿಂದಿನ ಸಾಲಿನಲ್ಲಿ ಮೊಲದ ಮರಿಯೊಂದು ಕೈ ಎತ್ತಿತು. “ಸಾರ್, ಇದನ್ನೂ ನಾವು ಕಾಪಿ ಮಾಡ್ಕೋಬೇಕಾ?”

ನೀತಿ: ಒಳ್ಳೆಯ ಗುಣವನ್ನು ಮಕ್ಕಳ ಕೈಯಲ್ಲಿ ಬರೆಸುವ ಮೊದಲು ನಾವು ಮಾಡಿ ತೋರಿಸಬೇಕು.