ಮೂಸೆಗೆ ಬಂದ ಚಕ್ರವರ್ತಿ

ಮೆಣಸಿನ ಬೆಲೆಯಾಗಿ ಕಡಲು ದಾಟಿ ಬಂದ ರೋಮಿನ ಬೆಳ್ಳಿ ನಾಣ್ಯವೊಂದು ನಮ್ಮ ಅಕ್ಕಸಾಲಿಯ ಕೈ ಸೇರಿತು. ಅದರ ಮೇಲೆ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿಯ ಮುಖವಿತ್ತು.

ಬೆಳ್ಳಿ ಕರಗಿಸುವ ಮೂಸೆಯನ್ನು ಕಂಡದ್ದೇ ನಾಣ್ಯ ಗುಡುಗಿತು: "ಬಗ್ಗು! ನಾನು ದೇವಪುತ್ರ, ಅಪ್ಪಟ ಬೆಳ್ಳಿ."

"ನಿನ್ನೆ ಬಂದ ಸೊಟ್ಟಮೂಗಿನ ದೇವಪುತ್ರರೂ ಹೀಗೇ ಅಂದರು ಸ್ವಾಮಿ," ಎಂದಿತು ಮೂಸೆ. "ಈಗ ಮಗುವಿನ ಉಡಿದಾರವಾಗಿದ್ದಾರೆ. ತಾವು ಮದುಮಗಳಿಗೆ ಕಾಲುಂಗುರ."

"ಕಾಲಿಗಾ? ನನ್ನನ್ನು ತಲೆಗೇರಿಸಿ!"

"ನಮ್ಮಲ್ಲಿ ತಲೆಗೆ, ಕೊರಳಿಗೆ ಚಿನ್ನ. ಬೆಳ್ಳಿಗೆ ಸೊಂಟದಿಂದ ಕೆಳಗೇ ಜಾಗ."

ನಾಣ್ಯ ಬೆವರಿತು. "ಹಾಗಾದರೆ ಕೇಳು, ನನ್ನೊಳಗೆ ಬರೀ ತಾಮ್ರ. ನಾನು ಖೋಟಾ. ನಮ್ಮಪ್ಪನೂ ಖೋಟಾ!"

ಅನುಮಾನವೇಕೆಂದು ಪಕ್ಕದಲ್ಲಿದ್ದ ಉಳಿ ಚಕ್ರವರ್ತಿಯ ಕೆನ್ನೆಯನ್ನು ಸೀಳಿ ನೋಡಿತು. ಒಳಗೂ ಬೆಳ್ಳಿಯೇ ಹೊಳೆಯಿತು.

"ಛೆ, ಇಷ್ಟು ಒಳ್ಳೆಯವರು ಸುಳ್ಳು ಹೇಳಬಾರದಿತ್ತು," ಎನ್ನುತ್ತ ಮೂಸೆ ಬಾಯಿ ಅಗಲಿಸಿ ಅವರನ್ನು ನುಂಗಿಕೊಂಡಿತು.

ಮದುವೆಯ ದಿನ ವರ ಬಗ್ಗಿ, ವಧುವಿನ ಪಾದ ಹಿಡಿದು, ಬೆರಳಿಗೆ ಕಾಲುಂಗುರ ತೊಡಿಸಿದ. ಅದನ್ನು ನೋಡಲು ಪುರೋಹಿತರು ಬಗ್ಗಿದರು, ಬೀಗರು ಬಗ್ಗಿದರು, ಊರ ಗೌಡರೂ ಬಗ್ಗಿದರು.

"ಹೂಂ, ಈಗ ಏಳಿ," ಎಂದಿತು ಕಾಲುಂಗುರ.